ಮ್ಯಾಲಿನ ನೀರು

ಉಗಾರ ಖುರ್ದದಲ್ಲಿ ಕೃಷ್ಣೆಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಹೊಳಿ’ ಅಂದರೆ ಮುಗಿಯಿತು. ಮಳೆಗಾಲದಲ್ಲಿ ‘ಹೊಳಿ ಬಂತು’ ಎಂದರೆ ಕುಡಚಿ ಸೇತುವೆಯ ಮೇಲೆ ನೀರು ಹತ್ತಿದೆ ಎಂದರ್ಥ. ತಮಾಷೆಯೆಂದರೆ ಆಗ ನಮ್ಮೂರಲ್ಲಿ ಚೆನ್ನಾಗಿ ಬಿಸಿಲು ಬಿದ್ದಿರುತ್ತದೆ. 2019ರಲ್ಲಿ, ಮತ್ತೆ 2021ರಲ್ಲಿ ಕಬ್ಬಿನ ಹೊಲಗಳನ್ನು ನುಂಗಿದ ಕೆಂಪು ನೀರು ನಮ್ಮ ಮೋಡದ್ದಲ್ಲ. ಕೇಳಿದರೆ ಎಲ್ಲರದೂ ಒಂದೇ ಮಾತು: ‘ಮ್ಯಾಲಿನ ನೀರು.’ ಆ ‘ಮ್ಯಾಲೆ’ ಎಲ್ಲಿದೆ ನೋಡಬೇಕೆಂದು ನಾನು ಹೊರಟೆ. ಅವ್ವ ಉಡಿ ಸಾಮಾನು ಕಟ್ಟಿಕೊಂಡು ತಯಾರಾದಳು. “ವರ್ಷಾ ಇಲ್ಲೇ ಉಡಿ ತುಂಬತೀನಿ. ಒಮ್ಮೆ ಆಕಿ ತವರಮನ್ಯಾಗೂ ತುಂಬಿ ಬರೂನು.”

ಮೇ ತಿಂಗಳು. ಮನೆ ಬಿಡುವಾಗ ಹೊಳೆಯಲ್ಲಿ ಮರಳೇ ಹೆಚ್ಚು, ಅಲ್ಲಲ್ಲಿ ಪಾಚಿಗಟ್ಟಿದ ಮಡು. ಮೀರಜ, ಸಾಂಗಲಿ, ಕರಾಡ, ಸಾತಾರಾ; ದಾರಿಯುದ್ದಕ್ಕೂ ಹೊಳೆ ಸಿಕ್ಕುತ್ತ, ತಪ್ಪಿಸಿಕೊಳ್ಳುತ್ತ ಬಂತು. ವಾಯಿಯಲ್ಲಿ ಕರಿಕಲ್ಲಿನ ಘಾಟಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಅಲ್ಲಿಯವರು ಆಕೆಯನ್ನು ‘ಕೃಷ್ಣಾಬಾಯಿ’ ಎನ್ನುತ್ತಾರೆ, ಆಕೆಯ ಹೆಸರಲ್ಲಿ ಉತ್ಸವವನ್ನೇ ಮಾಡುತ್ತಾರೆ. ಅವ್ವನಿಗೆ ಆ ‘ಬಾಯಿ’ ಬಹಳ ಹಿಡಿಸಿತು. ಮುಂದೆ ಪಸರಣಿ ಘಾಟು, ಪಂಚಗಣಿ, ಜ್ಯಾಮ್ ಅಂಗಡಿಗಳು, ಕುದುರೆ ಸವಾರಿಯ ಹುಡುಗರು. ಅದನ್ನೆಲ್ಲ ದಾಟಿದರೆ ಮಹಾಬಳೇಶ್ವರ. ಪೇಟೆಯಿಂದ ಐದಾರು ಕಿಲೋಮೀಟರಿನ ಮೇಲೆ ಹಳೇ ಮಹಾಬಳೇಶ್ವರ ಕ್ಷೇತ್ರ.

ಪಂಚಗಂಗಾ ಗುಡಿಯೊಳಗೆ ಕಾಲಿಟ್ಟ ಕೂಡಲೇ ತಂಪು ಹೊಡೆಯುತ್ತದೆ. ಕಲ್ಲಿನ ಗೋಡೆಗೆ ಸಾಲಾಗಿ ಏಳು ಕಂಡಿಗಳು. ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದರದು ಬಾರಾಮಾಸ ಹರಿವು. ಉಳಿದೆರಡರಲ್ಲಿ ಭಾಗೀರಥಿ ಹನ್ನೆರಡು ವರ್ಷಕ್ಕೊಮ್ಮೆ, ಸರಸ್ವತಿ ಅರವತ್ತು ವರ್ಷಕ್ಕೊಮ್ಮೆ ಬರುತ್ತಾರಂತೆ. ಎಲ್ಲ ಸೇರಿ ಒಂದು ಗೋಮುಖದಿಂದ ಕುಂಡಕ್ಕೆ ಬೀಳುತ್ತವೆ. ಕೊಲ್ಲಾಪುರದ ಪಂಚಗಂಗೆ ಬೇರೆ, ಇದು ಬೇರೆ. ನಮ್ಮ ಕಡೆಯವರು ಎರಡನ್ನೂ ಕಲಸಿಬಿಡುತ್ತಾರೆ.

ಸಾವಿತ್ರಿಯ ಶಾಪದಿಂದ ಬ್ರಹ್ಮ, ವಿಷ್ಣು, ಮಹೇಶ್ವರರು ನದಿಗಳಾದ ಕಥೆಯನ್ನು ಪೂಜಾರಿ ಮರಾಠಿಯಲ್ಲಿ ಸರಾಗವಾಗಿ ಹೇಳಿದರು. ನನ್ನ ಕಣ್ಣು ಗೋಡೆಯ ಮೇಲಿತ್ತು. ಈ ಗುಡ್ಡದ ನೆತ್ತಿ ಜಂಬಿಟ್ಟಿಗೆಯದು, ಅಡಿಯಲ್ಲಿ ಗಟ್ಟಿ ಕರಿಕಲ್ಲು. ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯನ್ನು ತೂತುತೂತಾದ ಜಂಬಿಟ್ಟಿಗೆ ಹೀರಿಕೊಳ್ಳುತ್ತದೆ. ಕೆಳಗಿನ ಕರಿಕಲ್ಲು ಅದನ್ನು ಇಳಿಯಗೊಡದೆ ಪಕ್ಕಕ್ಕೆ ಜಿನುಗಿಸುತ್ತದೆ. ಮೇ ತಿಂಗಳಲ್ಲೂ ಇಲ್ಲಿ ಧಾರೆ ಕಡಿಯದಿರಲು ಅದೇ ಕಾರಣ. ನಮ್ಮ ಕಾಗವಾಡ, ಅಥಣಿ ಕಡೆ ಬೀಳುವ ಮಳೆ ಇದರ ಹತ್ತನೇ ಒಂದು ಪಾಲಿನ ಆಸುಪಾಸು. ಆದರೂ ಕಬ್ಬು ನಮ್ಮಲ್ಲೇ. 1939ರಲ್ಲಿ ಉಗಾರದಲ್ಲಿ ಹುಟ್ಟಿದ ಸಕ್ಕರೆ ಕಾರ್ಖಾನೆಯ ಬೇರು ಹುಡುಕಿದರೆ ಈ ಗೋಡೆಯ ತನಕ ಬರಬೇಕೇನೋ.

ಗುಡಿಯ ಹಿಂದಿನ ಕಾಲುದಾರಿ ಹಿಡಿದರೆ ಕೃಷ್ಣಾಬಾಯಿ ದೇವಸ್ಥಾನ. ಅಲ್ಲಿಗೆ ಬರುವವರು ಕಡಿಮೆ, ನನಗಂತೂ ಅದೇ ಹೆಚ್ಚು ಹಿಡಿಸಿತು. ಪಾಚಿ ಹತ್ತಿದ ಕಲ್ಲು, ಒಳಗೆ ಲಿಂಗ, ಹೊರಗೆ ಗೋಮುಖ, ಅದರ ಕೆಳಗೊಂದು ಕುಂಡ. ನೀರಿನ ಧಾರೆ ನನ್ನ ಹೆಬ್ಬೆರಳಿನ ದಪ್ಪವಿತ್ತು. ಅವ್ವ ಬಹಳ ಹೊತ್ತು ನೋಡಿದಳು.

“ಇಷ್ಟ ಏನ?”

“ಇಷ್ಟ.”

“ಇದು ನಮ್ಮ ದನದ ಕೊಟಗಿ ಮುಳಗಿಸಿದ್ದು?”

ಎದುರಿಗೆ ಕಣಿವೆ ಬಾಯಿ ತೆರೆದಿತ್ತು. ಕೃಷ್ಣೆ ಆ ಕಡೆಯೇ ಇಳಿದು ಧೋಮ್ ಜಲಾಶಯ ಸೇರುತ್ತಾಳೆ. ಅರಬ್ಬಿ ಸಮುದ್ರ ಈ ಬೆಟ್ಟದಿಂದ ಸುಮಾರು 64 ಕಿಲೋಮೀಟರು. ಸಾವಿತ್ರಿ ಬುದ್ಧಿವಂತೆ, ಸೀದಾ ಪಡುವಣಕ್ಕೆ ಇಳಿದುಬಿಟ್ಟಳು. ಕೃಷ್ಣೆ ಮಾತ್ರ ಬೆನ್ನು ತಿರುಗಿಸಿ ಮೂಡಣ ಕಡಲಿಗೆಂದು 1,400 ಕಿಲೋಮೀಟರು ನಡೆಯುತ್ತಾಳೆ. ಆ ಸುತ್ತು ಹಾಕಿದ್ದರಿಂದಲೇ ನಮ್ಮೂರು. ಕೊಯ್ನೆ ಬೇರೆ ದಾರಿ ಹಿಡಿದು 105 ಟಿಎಂಸಿಯ ಅಣೆಕಟ್ಟಿನಲ್ಲಿ ನಿಂತು, ಬಹುಪಾಲು ನೀರನ್ನು ಕರೆಂಟಿಗಾಗಿ ಪಡುವಣಕ್ಕೆ ಕೊಟ್ಟು, ಉಳಿದಿದ್ದನ್ನು ಹೊತ್ತುಕೊಂಡು ಕರಾಡದಲ್ಲಿ ಅಕ್ಕನನ್ನು ಕೂಡುತ್ತಾಳೆ. ಬೇಸಿಗೆಯಲ್ಲಿ ನಾವು ಕೇಳುವುದೂ ಆಕೆಯನ್ನೇ, ಮಳೆಗಾಲದಲ್ಲಿ ಹೆದರುವುದೂ ಆಕೆಗೇ. ‘ಕೊಯ್ನಾದಿಂದ ಎಷ್ಟ ಬಿಟ್ಟಾರ?’ ಎಂಬ ಪ್ರಶ್ನೆ ಇಲ್ಲದೆ ನಮ್ಮೂರ ಚಹಾದಂಗಡಿ ಬಾಗಿಲು ತೆರೆಯುವುದಿಲ್ಲ.

ಅವ್ವ ಖಣ, ಹಸಿರು ಬಳೆ, ಅಕ್ಕಿ, ತೆಂಗಿನಕಾಯಿ ತೆಗೆದಳು. ಕುಂಡಕ್ಕೆ ಏನೂ ಹಾಕುವಂತಿರಲಿಲ್ಲ. “ತೇಲಿ ಬಿಟ್ಟರ ನಮ್ಮೂರಿಗೆ ಬರತಿತ್ತಲ್ಲ” ಎಂದಳು. ಧೋಮ್ ದಾಟಬೇಕು, ಬ್ಯಾರೇಜುಗಳನ್ನು ದಾಟಬೇಕು ಎಂದು ಲೆಕ್ಕ ಒಪ್ಪಿಸಹೋದೆ, ಕೇಳಿಸಿಕೊಳ್ಳಲಿಲ್ಲ. ಉಡಿಯನ್ನು ಕಟ್ಟೆಯ ಮೇಲಿಟ್ಟು ಅರಿಷಿಣ ಕುಂಕುಮ ಏರಿಸಿ, ತಾಮ್ರದ ತಂಬಿಗೆಗೆ ನೀರು ಹಿಡಿದು, ಬಾಯಿಗೆ ಅರಿವೆ ಕಟ್ಟಿದಳು. ಊರು ಮುಟ್ಟುವತನಕ ಅದು ಆಕೆಯ ತೊಡೆಯ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಉಗಾರದ ದಂಡೆಗೆ ಹೋಗಿ ತಂಬಿಗೆ ಬಗ್ಗಿಸಿದಳು. ಒಣ ಮರಳು ಗುಟುಕ್ಕನೆ ಕುಡಿದು, ಅಂಗೈಯಗಲ ಹಸಿ ಉಳಿಯಿತು. ಪಂಪ್‌ಸೆಟ್ಟಿನ ಪೈಪು ಎಳೆಯುತ್ತಿದ್ದ ಪಕ್ಕದ ಹೊಲದವನು ಆ ಹಸಿ ಕಂಡು ದಂಡೆಗೆ ಓಡಿಬಂದ. “ಯವ್ವಾ, ಕೊಯ್ನಾ ನೀರ ಬಿಟ್ಟರೇನ?”