ಒಗ್ಗಟ್ಟಿನ ಭಾಷಣಕ್ಕೆ ತಾಯಿಯೇ ಏಕೆ ಬೇಕು?

ಪ್ರಶ್ನೆ: ಒಗ್ಗಟ್ಟಿಗೆ ಕರೆ ಕೊಡುವ ರಾಜಕೀಯ ಭಾಷಣಗಳಲ್ಲೆಲ್ಲ ತಾಯಿ, ಮಕ್ಕಳು ಎಂಬ ಮಾತೇ ಏಕೆ ಬರುತ್ತದೆ?
– ಓದುಗರು, ಮೈಸೂರು

ಉತ್ತರ: ಲಾಭನಷ್ಟದ ಲೆಕ್ಕ ಜನರನ್ನು ದೂರ ಮಾಡುವಾಗ ನಂಟಿನ ರೂಪಕ ಹತ್ತಿರ ತರುತ್ತದೆ, ಅದಕ್ಕೆ. ಕರ್ನಾಟಕ ಏಕೀಕರಣವನ್ನೇ ನೋಡಿ. ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರನ್ನು ಕೂಡಿಸುವ ಮಾತು ಬಂದಾಗ ಹಳೆ ಮೈಸೂರಿನ ಹಲವು ನಾಯಕರು ಹಿಂಜರಿದರು. ತಮ್ಮ ಆದಾಯ ಹಿಂದುಳಿದ ಜಿಲ್ಲೆಗಳಿಗೆ ಹರಿದೀತು, ಅಧಿಕಾರದ ಜಾತಿ ಸಮತೋಲ ಕದಲೀತು ಎಂಬ ಅಂಜಿಕೆ ಅವರದು. ಇದಕ್ಕೆ ಏಕೀಕರಣವಾದಿಗಳು ಅಂಕಿ ಅಂಶವನ್ನಷ್ಟೇ ಎದುರಿಡಲಿಲ್ಲ. ನಾಡದೇವಿ ಭುವನೇಶ್ವರಿಯನ್ನೂ ವಿಜಯನಗರದ ವೈಭವವನ್ನೂ ಮುಂದಿಟ್ಟರು. ತಾಯಿ ಎಂದೊಡನೆ ಲಾಭದ ಪ್ರಶ್ನೆಯೇ ಸಣ್ಣತನವೆನಿಸುತ್ತದೆ. ಚರಿತ್ರೆ ನೆನೆದೊಡನೆ ಹೊಸ ರಾಜ್ಯವು ಕಳೆದುಕೊಂಡದ್ದನ್ನು ಮರಳಿ ಪಡೆದಂತೆ ಕಾಣುತ್ತದೆ.

ಇದು ಬರೀ ಮಾತಿನ ಮೋಡಿಯಲ್ಲವೇ ಎನ್ನಬಹುದು. ಮಾತೊಂದರಿಂದಲೇ ರಾಜ್ಯ ಹುಟ್ಟಲಿಲ್ಲ ನಿಜ. ರಾಜ್ಯಗಳ ಪುನರ್ವಿಂಗಡಣೆಗಾಗಿ ನೇಮಕವಾಗಿದ್ದ ಫಜಲ್ ಅಲಿ ಆಯೋಗದ ಶಿಫಾರಸು, ಹಳೆ ಮೈಸೂರಿನವರೇ ಆದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಬೆಂಬಲ ಎಲ್ಲ ಸೇರಿ 1956ರ ನವೆಂಬರ್ 1ರಂದು ಅದು ಕೈಗೂಡಿತು. ಆದರೆ ಆ ಬೆಂಬಲಕ್ಕೆ ಜನಮನವನ್ನು ಹದಗೊಳಿಸಿದ್ದು ರೂಪಕವೇ. ಅದರ ಮಿತಿಯೂ ಸ್ಪಷ್ಟ: ಕಾಸರಗೋಡು ಹೊರಗುಳಿಯಿತು, ಮೈಸೂರು ರಾಜ್ಯ ಕರ್ನಾಟಕವೆನಿಸಿಕೊಳ್ಳಲು 1973ರವರೆಗೆ ಕಾಯಬೇಕಾಯಿತು, 2002ರಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನ ನಡೆಸಿದ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಆದ್ದರಿಂದ ವೇದಿಕೆಯ ಮೇಲಿನವರು ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದಾಗ ಚಪ್ಪಾಳೆ ತಟ್ಟಿ. ಮಕ್ಕಳಿಗೆಲ್ಲ ಸಮಪಾಲು ಸಿಕ್ಕಿದೆಯೇ ಎಂದೂ ಕೇಳಿ.