ಬಾಲನ್ಯಾಯದಲ್ಲಿ ವಯಸ್ಸಿನ ಪ್ರಮಾಣ: ಕೊಂಕಲ್ ಸೀಮೆಯನ್ನು ಕುರಿತು ಒಂದು ವಿಚಾರ

೧

ತಪ್ಪು ಮಾಡಿದ ಬಾಲಕನನ್ನು ಬೆಳೆದ ಅಪರಾಧಿಯಂತೆ ದಂಡಿಸಲಾಗದೆಂಬ ತತ್ತ್ವವು ಇಂದು ಬಹುತೇಕ ಎಲ್ಲ ರಾಷ್ಟ್ರಗಳಲ್ಲಿಯೂ ಮನ್ನಣೆ ಪಡೆದಿದೆ. ಅಮೆರಿಕದ ಷಿಕಾಗೊ ನಗರದಲ್ಲಿ ೧೮೯೯ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯವೊಂದು ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಮದರಾಸು ಪ್ರಾಂತವು ೧೯೨೦ರಲ್ಲಿಯೂ ಮುಂಬಯಿ ಪ್ರಾಂತವು ೧೯೨೪ರಲ್ಲಿಯೂ ಮಕ್ಕಳ ಕಾಯಿದೆಗಳನ್ನು ರಚಿಸಿದವು. ಏಕೀಕರಣಾನಂತರ ನಮ್ಮ ರಾಜ್ಯಕ್ಕೆ ೧೯೬೪ರಲ್ಲಿ ಮಕ್ಕಳ ಕಾಯಿದೆ ಬಂದಿತು. ೧೯೮೬ರ ಕೇಂದ್ರ ಕಾಯಿದೆಯು ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ವರ್ಷಗಳ ಮೇರೆಯನ್ನು ಹಾಕಿತ್ತು. ೨೦೦೦ದ ಕಾಯಿದೆಯು ಇಬ್ಬರಿಗೂ ಹದಿನೆಂಟನ್ನೇ ನಿಶ್ಚಯಿಸಿತು. ಈಗ ಜಾರಿಯಲ್ಲಿರುವುದು ೨೦೧೫ರ ಬಾಲನ್ಯಾಯ ಅಧಿನಿಯಮ.

ಈ ಕಾಯಿದೆಗಳ ಉದ್ದೇಶವನ್ನು ಕುರಿತು ಹೇರಳವಾಗಿ ಬರೆಯಲಾಗಿದೆ. ಆದರೆ ಇವುಗಳ ಆಶ್ರಯವನ್ನು ಪಡೆಯಬೇಕಾದ ಬಾಲಕನು ತಾನು ಬಾಲಕನೆಂಬುದನ್ನು ಯಾವ ಪ್ರಮಾಣದಿಂದ ತೋರಿಸಬೇಕು ಎಂಬ ಪ್ರಶ್ನೆಗೆ ಸಾಕಷ್ಟು ಗಮನ ದೊರೆತಿಲ್ಲವೆಂದು ನಮಗೆ ತೋರುತ್ತದೆ. ಯಾದಗಿರಿ ಜಿಲ್ಲೆಯ ಕೊಂಕಲ್ ಗ್ರಾಮವನ್ನೂ ಅದರ ಸುತ್ತಣ ಸೀಮೆಯನ್ನೂ ದೃಷ್ಟಿಯಲ್ಲಿರಿಸಿಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಕಾಯಿದೆಯು ಕೊಡುವ ರಕ್ಷಣೆಯನ್ನು ಸಂಗ್ರಹವಾಗಿ ಹೇಳಬಹುದು. ಹದಿನೆಂಟು ತುಂಬದವರನ್ನು ಯಾವ ಕಾರಣಕ್ಕೂ ಪೊಲೀಸ್ ಲಾಕಪ್ಪಿನಲ್ಲಾಗಲಿ ಕಾರಾಗೃಹದಲ್ಲಾಗಲಿ ಇಡಕೂಡದು. ಪ್ರಯಾಣದ ಕಾಲವನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಅವರನ್ನು ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಈ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಜಾಮೀನು ಇಲ್ಲಿ ಸಾಮಾನ್ಯ ನಿಯಮ, ನಿರಾಕರಣೆಯೇ ಅಪವಾದ. ಜಾಮೀನಿನ ಷರತ್ತನ್ನು ಏಳು ದಿನಗಳಲ್ಲಿ ಪೂರೈಸಲಾಗದಿದ್ದರೆ, ಷರತ್ತನ್ನು ಸಡಿಲಿಸುವುದಕ್ಕಾಗಿ ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ಮಂಡಳಿಯು ವಿಧಿಸಬಹುದಾದ ಅತ್ಯಧಿಕ ಕ್ರಮವೆಂದರೆ ಮೂರು ವರ್ಷಗಳ ವಿಶೇಷ ಗೃಹವಾಸ. ಹದಿನಾರು ತುಂಬಿದವರ ಮೇಲೆ ಘೋರ ಅಪರಾಧದ ಆರೋಪವಿದ್ದಲ್ಲಿ ಮಾತ್ರ, ಪ್ರಾಥಮಿಕ ಪರಿಶೀಲನೆಯ ಬಳಿಕ, ಮಕ್ಕಳ ನ್ಯಾಯಾಲಯದಲ್ಲಿ ಪ್ರಾಪ್ತವಯಸ್ಕರಂತೆ ವಿಚಾರಣೆ ನಡೆಯಬಹುದು. ಆಗಲೂ ಮರಣದಂಡನೆಗೆ ಅವಕಾಶವಿಲ್ಲ.

ಇಷ್ಟೆಲ್ಲ ರಕ್ಷಣೆಯ ಬಾಗಿಲಿಗೆ ಇರುವ ಕೀಲಿ ಒಂದೇ: ವಯಸ್ಸು. ಸಂಶಯ ಬಂದಾಗ ಯಾವ ಪ್ರಮಾಣವನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ೯೪ನೆಯ ಪ್ರಕರಣವು ವಿಧಿಸಿದೆ. ಮೊದಲನೆಯದು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಲ್ಲಿ ಮಾತ್ರ ಎಲುಬಿನ ಬೆಳವಣಿಗೆಯನ್ನು ನೋಡುವ ವೈದ್ಯಕೀಯ ಪರೀಕ್ಷೆ. ಈ ಪರೀಕ್ಷೆಯಲ್ಲಿ ಎರಡು ವರ್ಷ ಹಿಂದೆ ಮುಂದೆ ಆಗಬಹುದೆಂದು ಸರ್ವೋಚ್ಚ ನ್ಯಾಯಾಲಯವು ೧೯೮೨ರಷ್ಟು ಹಿಂದೆಯೇ ಗಮನಿಸಿತ್ತು. ಹದಿನೇಳರ ಹುಡುಗನಿಗೆ ಈ ಎರಡು ವರ್ಷಗಳ ಅಂತರವು ಏನನ್ನು ಉಳಿಸಬಲ್ಲದು, ಏನನ್ನು ಕಳೆಯಬಲ್ಲದು ಎಂಬುದನ್ನು ವಾಚಕರೇ ಊಹಿಸಬಹುದು.

೩

ಈಗ ಕೊಂಕಲ್ ಸೀಮೆಯ ಕಡೆಗೆ ಬರೋಣ. ಇದು ೧೯೫೬ರವರೆಗೆ ಹೈದರಾಬಾದು ರಾಜ್ಯಕ್ಕೂ, ಯಾದಗಿರಿ ಜಿಲ್ಲೆಯು ೨೦೦೯ರಲ್ಲಿ ರಚಿತವಾಗುವವರೆಗೆ ಕಲಬುರ್ಗಿ ಜಿಲ್ಲೆಗೂ ಸೇರಿದ್ದ ನಾಡು. ೨೦೧೧ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ ೫೧.೮೩, ರಾಜ್ಯದ ಜಿಲ್ಲೆಗಳಲ್ಲೆಲ್ಲ ಇದೇ ಕನಿಷ್ಠ. ಆಗ ರಾಜ್ಯದ ಸರಾಸರಿ ಶೇಕಡ ೭೫.೩೬ ಇದ್ದಿತು. ಸುಗ್ಗಿ ಮುಗಿದೊಡನೆ ಕುಟುಂಬ ಕುಟುಂಬಗಳೇ ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕಾಗಿ ಗುಳೆ ಹೋಗುವುದು ಈ ಜಿಲ್ಲೆಯಲ್ಲಿ ಸರ್ವವಿದಿತವಾದ ಸಂಗತಿ. ಮುಂಬಯಿಗೂ ಬೆಂಗಳೂರಿಗೂ ಹೋಗುವ ರೈಲುಗಳೆರಡೂ ಯಾದಗಿರಿ ನಿಲ್ದಾಣದಲ್ಲಿಯೇ ದೊರೆಯುತ್ತವೆ.

ಇಂಥ ಕುಟುಂಬದ ಹದಿನೇಳು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ವಯಸ್ಸಿಗೆ ಯಾವ ದಾಖಲೆಗಳು ಇರಬಲ್ಲವು?

ಮೊದಲನೆಯದಾಗಿ, ಜನನ. ೧೯೬೯ರ ಕಾಯಿದೆಯು ಪ್ರತಿಯೊಂದು ಜನನವನ್ನೂ ನೋಂದಾಯಿಸಬೇಕೆನ್ನುತ್ತದೆ. ಆದರೆ ಜನನವು ನೋಂದಣಿಯಾಗುವುದು ಅದು ನಡೆದ ಊರಿನಲ್ಲಿ. ನಮ್ಮಲ್ಲಿ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ರೂಢಿ. ಜಿಲ್ಲೆಯ ಪೂರ್ವಕ್ಕೆ ತೆಲಂಗಾಣದ ಗಡಿಯಿದೆ. ಬೀಗತನವು ಗಡಿಯಾಚೆಗಿದ್ದರೆ ಮಗುವಿನ ದಾಖಲೆಯೂ ಬೇರೊಂದು ರಾಜ್ಯದ್ದಾಗುತ್ತದೆ. ಗುಳೆ ಹೋದ ಕಡೆ ಹುಟ್ಟಿದ ಮಗುವಿನ ಪಾಡು ಇನ್ನೂ ತೊಡಕಿನದು. ನೋಂದಣಿಯಾದರೂ ಅನೇಕ ಸಲ ಅದರಲ್ಲಿ ತಂದೆತಾಯಿಗಳ ಹೆಸರಿರುತ್ತದೆಯೇ ಹೊರತು ಮಗುವಿನ ಹೆಸರಿರುವುದಿಲ್ಲ.

ಎರಡನೆಯದಾಗಿ, ಶಾಲೆ. ಹುಟ್ಟಿದ ದಿನವನ್ನು ತಾಯಿಯು ಪಂಚಮಿಯ ಮರುದಿನವೆಂದೋ, ಬರ ಬಿದ್ದ ವರ್ಷವೆಂದೋ ನೆನೆಯುತ್ತಾಳೆ. ದಾಖಲಾತಿ ಪುಸ್ತಕಕ್ಕೆ ತಾರೀಖು ಬೇಕು. ಆದಕಾರಣ ಗುರುಗಳು ಮಗುವನ್ನು ನೋಡಿ ವರ್ಷವನ್ನು ಅಂದಾಜು ಮಾಡಿ ಜೂನ್ ೧ ಎಂದು ಬರೆದುಕೊಳ್ಳುತ್ತಾರೆ. ಕರ್ನಾಟಕದ ಹಳ್ಳಿಶಾಲೆಗಳಲ್ಲಿ ಜೂನ್ ಮೊದಲ ದಿನ ಹುಟ್ಟಿದವರ ಸಂಖ್ಯೆ ಏಕೆ ಅಷ್ಟು ದೊಡ್ಡದೆಂಬುದಕ್ಕೆ ಇದೇ ಕಾರಣ. ಈ ಅಂದಾಜನ್ನು ನಾವು ಹಳಿಯುತ್ತಿಲ್ಲ. ಅದು ಬರೆದಿಟ್ಟದ್ದರಿಂದಲೇ ಅನೇಕ ಮಕ್ಕಳಿಗೆ ಕಾಯಿದೆ ಒಪ್ಪುವ ಏಕೈಕ ಪ್ರಮಾಣ ಉಳಿದಿದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಮಗುವಿಗೆ ಅದೂ ಇಲ್ಲ.

ಮೂರನೆಯದಾಗಿ, ಬಾಯಿಮಾತು. ಹದಿನಾಲ್ಕರಿಂದ ಹದಿನೆಂಟರ ನಡುವಿನವರನ್ನು ಅಪಾಯಕರ ಕೆಲಸಗಳಿಗೆ ತೊಡಗಿಸಕೂಡದೆಂದು ೨೦೧೬ರಲ್ಲಿ ತಿದ್ದುಪಡಿಯಾದ ಕಾಯಿದೆಯು ಹೇಳುತ್ತದೆ. ಆದ್ದರಿಂದ ಕೆಲಸ ಬೇಕಾದ ಹುಡುಗನು ಗುತ್ತಿಗೆದಾರನ ಮುಂದೆ ತನಗೆ ಹತ್ತೊಂಬತ್ತೆಂದು ಹೇಳಿಕೊಳ್ಳುವುದು ಸಹಜ. ಮುಂದೆ ಆ ಪರಸ್ಥಳದಲ್ಲಿ ಅವನ ಮೇಲೆ ಮೊಬೈಲು ಕದ್ದ ಆಪಾದನೆ ಬಂದರೆ, ಅದೇ ಹತ್ತೊಂಬತ್ತು ದಸ್ತಗಿರಿಯ ಕಾಗದವನ್ನು ಸೇರುತ್ತದೆ. ಬಿಸಿಲಿನ ದುಡಿಮೆಯು ಅವನ ಮುಖವನ್ನು ವಯಸ್ಸಿಗೆ ಮೀರಿ ಬಲಿಸಿರುತ್ತದೆ. ನೋಡಿದವರಿಗೆ ಸಂಶಯವೂ ಬರುವುದಿಲ್ಲ. ಅನ್ನಕ್ಕಾಗಿ ಆಡಿದ ಒಂದು ಮಾತು ಅವನನ್ನು ಮಂಡಳಿಯ ಬದಲು ಕಾರಾಗೃಹಕ್ಕೆ ಕರೆದೊಯ್ಯುತ್ತದೆ.

೪

ಇದು ಕೇವಲ ಊಹೆಯ ಮಾತಲ್ಲ. ಮಾಹಿತಿ ಹಕ್ಕಿನ ಅರ್ಜಿಗಳಿಗೆ ದೊರೆತ ಉತ್ತರಗಳನ್ನು ಆಧರಿಸಿ ೨೦೨೪ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ೨೦೧೬ರಿಂದ ೨೦೨೧ರವರೆಗಿನ ಆರು ವರ್ಷಗಳಲ್ಲಿ ದೇಶದ ಕಾರಾಗೃಹಗಳಲ್ಲಿ ತಪ್ಪಾಗಿ ಇರಿಸಲ್ಪಟ್ಟಿದ್ದ ಮಕ್ಕಳ ಸಂಖ್ಯೆ ಕನಿಷ್ಠ ೯,೬೮೧.

ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಇಲ್ಲಿ ಸ್ಮರಣೀಯ. ೧೯೯೪ರಲ್ಲಿ ಪುಣೆಯಲ್ಲಿ ನಡೆದ ಕೊಲೆಗಳಿಗಾಗಿ ಮರಣದಂಡನೆಗೆ ಗುರಿಯಾಗಿದ್ದ ರಾಜಸ್ಥಾನದ ಹಳ್ಳಿಯೊಂದರ ವ್ಯಕ್ತಿಯನ್ನು ನ್ಯಾಯಾಲಯವು ೨೦೨೩ರ ಮಾರ್ಚಿಯಲ್ಲಿ ಬಿಡುಗಡೆ ಮಾಡಿತು. ಕೃತ್ಯದ ಕಾಲಕ್ಕೆ ಆತನಿಗೆ ಹನ್ನೆರಡು ವರ್ಷ ಆರು ತಿಂಗಳೆಂಬುದು ಊರಿನ ಶಾಲೆಯ ದಾಖಲೆಯಿಂದ ಸಿದ್ಧವಾಯಿತು. ಮೊಕದ್ದಮೆಯ ಕಾಗದಗಳಲ್ಲಿದ್ದ ಹೆಸರೂ ಶಾಲೆಯಲ್ಲಿದ್ದ ಹೆಸರೂ ಬೇರೆಯಾಗಿದ್ದವು. ಅಷ್ಟರಲ್ಲಿ ಆತನು ಇಪ್ಪತ್ತೆಂಟು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದನು. ೨೦೨೫ರ ಜನವರಿಯಲ್ಲಿ ಇಂಥದೇ ಇನ್ನೊಬ್ಬ ವ್ಯಕ್ತಿ ಸುಮಾರು ಇಪ್ಪತ್ತೈದು ವರ್ಷಗಳ ಸೆರೆವಾಸದ ಬಳಿಕ ಬಿಡುಗಡೆಗೊಂಡನು. ಕೃತ್ಯದ ಕಾಲಕ್ಕೆ ಆತನು ಹದಿನಾಲ್ಕರ ಬಾಲಕ. ಬಾಲ್ಯದ ವಾದವನ್ನು ಯಾವ ಹಂತದಲ್ಲಿಯೂ, ತೀರ್ಪು ಅಂತಿಮವಾದ ಮೇಲೆ ಸಹ, ಮಂಡಿಸಬಹುದೆಂದು ಕಾಯಿದೆಯೇ ಹೇಳುವುದರಿಂದ ಈ ಬಿಡುಗಡೆಗಳು ಸಾಧ್ಯವಾದವು. ಆದರೆ ಕಳೆದ ವರ್ಷಗಳನ್ನು ಯಾವ ತೀರ್ಪೂ ಮರಳಿ ಕೊಡಲಾರದು.

ಅಮೆರಿಕದೊಡನೆ ಹೋಲಿಸಿದರೆ ಅಸಮಾನತೆಯ ಸ್ವರೂಪವು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಆರೋಪದ ತಿಳಿವಳಿಕೆ, ವಕೀಲರ ನೆರವು ಮೊದಲಾದ ಹಕ್ಕುಗಳು ಮಕ್ಕಳಿಗೂ ಉಂಟೆಂದು ೧೯೬೭ರಲ್ಲಿ ತೀರ್ಮಾನವಾಯಿತು. ಹದಿನೆಂಟರೊಳಗೆ ಎಸಗಿದ ಅಪರಾಧಕ್ಕೆ ಮರಣದಂಡನೆಯು ರದ್ದಾದುದು ೨೦೦೫ರಲ್ಲಿ. ಆದರೂ ಬಿಳಿಯ ಮಕ್ಕಳಿಗಿಂತ ಕರಿಯ ಮಕ್ಕಳು ಹಲವು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಬಂಧನದಲ್ಲಿರುತ್ತಾರೆ. ಅಲ್ಲಿ ಹುಡುಗನ ವಯಸ್ಸು ಸಾಮಾನ್ಯವಾಗಿ ವಿವಾದದ ವಿಷಯವಲ್ಲ. ವಯಸ್ಸು ತಿಳಿದೂ ಆತನನ್ನು ದೊಡ್ಡವರ ನ್ಯಾಯಾಲಯಕ್ಕೆ ಕಳುಹಿಸಬೇಕೆ ಎಂಬುದೇ ವಿವಾದ. ನಮ್ಮಲ್ಲಿ ಅನೇಕ ವೇಳೆ ಆ ಪ್ರಶ್ನೆ ಏಳುವುದಕ್ಕೆ ಮುಂಚೆಯೇ ಬಾಲಕನು ದಾಖಲೆಯಿಲ್ಲದ ಕಾರಣ ದೊಡ್ಡವರ ಸಾಲಿಗೆ ಸೇರಿಹೋಗುತ್ತಾನೆ. ಅಲ್ಲಿ ಬಣ್ಣವು ಮಾಡುವ ಕೆಲಸವನ್ನು ಇಲ್ಲಿ ಬಡತನವು ಕಾಗದದ ಮೂಲಕ ಮಾಡುತ್ತದೆ.

೫

ಇದಕ್ಕೆ ಹೊಸ ಕಾಯಿದೆ ಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ. ದಸ್ತಗಿರಿಯ ವೇಳೆ "ನಿನ್ನ ವಯಸ್ಸೆಷ್ಟು?" ಎಂಬ ಪ್ರಶ್ನೆಯ ಜೊತೆಗೆ "ಯಾವ ಊರಿನ, ಯಾವ ಶಾಲೆಯಲ್ಲಿ ಓದಿದೆ?" ಎಂದೂ ಕೇಳುವುದಾದರೆ ದಾಖಲೆಯ ದಾರಿ ತೆರೆಯುತ್ತದೆ. ಉಚಿತ ಕಾನೂನು ನೆರವಿನ ವಕೀಲರು ಮೊದಲ ಹಾಜರಾತಿಯಲ್ಲಿಯೇ ಈ ಪ್ರಶ್ನೆಯನ್ನೆತ್ತಬಹುದು. ಸೆರೆಮನೆಗಳಲ್ಲಿರುವ ಬಾಲಕರನ್ನು ಗುರುತಿಸಲು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು ೨೦೨೪ರಲ್ಲಿ ದೇಶವ್ಯಾಪಿ ಅಭಿಯಾನವನ್ನೇ ಕೈಗೊಂಡಿತು. ಆಧಾರ್ ಚೀಟಿಯು ಜನ್ಮದಿನಾಂಕಕ್ಕೆ ಪ್ರಮಾಣವಲ್ಲವೆಂದೂ ಶಾಲೆಯ ದಾಖಲೆಯೇ ಮೇಲೆಂದೂ ಪರಿಹಾರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಸ್ಪಷ್ಟಪಡಿಸಿತು. ಗುಳೆ ಹೋಗುವ ಕುಟುಂಬದವರು ಮಕ್ಕಳ ಶಾಲೆಯ ಪತ್ರದ ಪ್ರತಿಯೊಂದನ್ನು ಜೊತೆಯಲ್ಲಿಟ್ಟುಕೊಳ್ಳಬೇಕೆಂದು ಊರ ಗುರುಗಳೂ ಪಂಚಾಯತಿಯವರೂ ತಿಳಿಯಹೇಳಬೇಕು.

ಹಳ್ಳಿಯ ಶಾಲೆಯ ಕಪಾಟಿನಲ್ಲಿರುವ ದಾಖಲಾತಿ ಪುಸ್ತಕವನ್ನು ನಾವು ಸಾಧಾರಣವಾಗಿ ಹಾಜರಿ, ವರ್ಗಾವಣೆಗಳ ಕಾಗದವೆಂದೇ ಭಾವಿಸುತ್ತೇವೆ. ಅದರ ಒಂದು ಸಾಲು ಕೊಂಕಲ್ಲಿನ ಬಡ ಬಾಲಕನ ಇಪ್ಪತ್ತೈದು ವರ್ಷಗಳನ್ನು ಉಳಿಸಬಲ್ಲದು. ಗೆದ್ದಲು ಹತ್ತದಂತೆ ಅದನ್ನು ಕಾಪಾಡುವುದು, ಕೇಳಿದಾಗ ವಿಳಂಬವಿಲ್ಲದೆ ನಕಲು ಕೊಡುವುದು ಕೂಡ ಬಾಲನ್ಯಾಯದ ಒಂದು ಅಂಗವೇ ಆಗಿದೆ.