ಗಿರೀಂದ್ರಶೇಖರ ಬೋಸರು ಮತ್ತು ಭಾರತದಲ್ಲಿ ಮನೋವಿಶ್ಲೇಷಣ ಶಾಸ್ತ್ರದ ಉದಯ

ಭಾರತದಲ್ಲಿ ಮನೋವಿಶ್ಲೇಷಣ ಶಾಸ್ತ್ರವು ಬೇರೂರಿದ ಬಗೆಯನ್ನು ವಿವರಿಸುವಾಗ, ಅದು ವಿಯೆನ್ನಾ ನಗರದಿಂದ ಕಲ್ಕತ್ತೆಗೆ ಬಂದಿತೆಂದೂ, ಗಿರೀಂದ್ರಶೇಖರ ಬೋಸರು ಫ್ರಾಯ್ಡರ ನಿಷ್ಠಾವಂತ ಶಿಷ್ಯರೆಂದೂ ಹೇಳಿ ಮುಗಿಸುವುದುಂಟು. ಬೋಸರ ಜೀವನವನ್ನೂ ಸಿದ್ಧಾಂತವನ್ನೂ ಒಟ್ಟಿಗಿಟ್ಟು ಪರಿಶೀಲಿಸಿದರೆ ಈ ಹೇಳಿಕೆ ಅರ್ಧಸತ್ಯವೆಂದು ನಮಗೆ ತೋರುತ್ತದೆ.

ಬೋಸರು 1887ರಲ್ಲಿ ಬಿಹಾರದ ದರಭಂಗದಲ್ಲಿ ಜನಿಸಿದರು. ತಂದೆ ಚಂದ್ರಶೇಖರರು ಅಲ್ಲಿನ ಮಹಾರಾಜರ ದಿವಾನರು. ಅಣ್ಣ ರಾಜಶೇಖರರು 'ಪರಶುರಾಮ' ಎಂಬ ಹೆಸರಿನಿಂದ ಬಂಗಾಳಿ ಹಾಸ್ಯಸಾಹಿತ್ಯದಲ್ಲಿ ಪ್ರಖ್ಯಾತರಾದರು. ಗಿರೀಂದ್ರಶೇಖರರು 1910ರಲ್ಲಿ ಕಲ್ಕತ್ತೆಯಲ್ಲಿ ವೈದ್ಯಕೀಯ ಪದವಿ ಪಡೆದು ವೃತ್ತಿಯನ್ನಾರಂಭಿಸಿದರು. ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಪ್ರಾಯೋಗಿಕ ಮನಶ್ಶಾಸ್ತ್ರದ ವಿಭಾಗವನ್ನು ತೆರೆದಾಗ, ಆಗಲೇ ವೈದ್ಯರಾಗಿದ್ದ ಅವರು ಪುನಃ ವಿದ್ಯಾರ್ಥಿಯಾಗಿ ಸೇರಿ, 1917ರಲ್ಲಿ ಎಂ.ಎ. ಮುಗಿಸಿ, ಅದೇ ವಿಭಾಗದಲ್ಲಿ ಅಧ್ಯಾಪಕರಾದರು. 'ದಮನ'ದ ಪರಿಕಲ್ಪನೆಯನ್ನು ಕುರಿತ ಅವರ ಪ್ರಬಂಧಕ್ಕೆ 1921ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಮನಶ್ಶಾಸ್ತ್ರದಲ್ಲಿ ಭಾರತೀಯ ವಿಶ್ವವಿದ್ಯಾನಿಲಯವೊಂದು ನೀಡಿದ ಮೊದಲ ಡಾಕ್ಟರೇಟ್ ಅದು. ಯಾವ ವಿಶ್ಲೇಷಕರ ಬಳಿಯೂ ಅವರು ಶಿಕ್ಷಣ ಪಡೆದಿರಲಿಲ್ಲ. ಆತ್ಮವಿಶ್ಲೇಷಣೆಯೇ ಅವರ ಶಿಕ್ಷಣವಾಗಿದ್ದಿತು.

ಪ್ರಬಂಧದ ಪ್ರತಿಯನ್ನು ಬೋಸರು ಫ್ರಾಯ್ಡರಿಗೆ ಕಳುಹಿಸಿದರು. ಅಷ್ಟು ದೂರದ ದೇಶದಲ್ಲಿ ತಮ್ಮ ಶಾಸ್ತ್ರಕ್ಕೆ ಮನ್ನಣೆ ದೊರೆತುದಕ್ಕೆ ಫ್ರಾಯ್ಡರು ಸಂತೋಷವನ್ನೂ ಆಶ್ಚರ್ಯವನ್ನೂ ಸೂಚಿಸಿ ಉತ್ತರಿಸಿದರು. ಹೀಗೆ ಮೊದಲಾದ ಪತ್ರವ್ಯವಹಾರ 1937ರವರೆಗೆ ನಡೆಯಿತು. ಆದರೆ ಅವರಿಬ್ಬರೂ ಎಂದೂ ಭೇಟಿಯಾಗಲಿಲ್ಲ. ಫ್ರಾಯ್ಡರನ್ನು ಕಾಣದೆಯೇ ಕಲ್ಕತ್ತೆಯ ಚಿತ್ರಕಾರ ಯತೀಂದ್ರಕುಮಾರ ಸೇನರು ಅವರ ಚಿತ್ರವನ್ನು ಕಲ್ಪಿಸಿ ಬರೆದರು. ಅದು ತಮ್ಮನ್ನು ಅಪ್ಪಟ ಇಂಗ್ಲಿಷಿನವನನ್ನಾಗಿ ಮಾಡಿದೆಯೆಂದು ಫ್ರಾಯ್ಡರು ಸ್ನೇಹಿತೆಯೊಬ್ಬರಿಗೆ ವಿನೋದವಾಗಿ ಬರೆದರು. ಆ ಕಾಲದ ಕಲ್ಕತ್ತೆಗೆ ಐರೋಪ್ಯ ವಿದ್ವಾಂಸನೆಂದರೆ ಆಂಗ್ಲನ ರೂಪವೇ ಕಣ್ಣಿಗೆ ಕಟ್ಟುತ್ತಿದ್ದಿತೇನೋ.

ಭಾರತೀಯ ಮನೋವಿಶ್ಲೇಷಣ ಸಂಘವು 1922ರಲ್ಲಿ ಬೋಸರ ಪಾರ್ಸಿಬಾಗಾನ್ ಓಣಿಯ ಮನೆಯಲ್ಲಿ ಸ್ಥಾಪಿತವಾಯಿತು. ಅವರು ಕೊನೆಯವರೆಗೂ ಅದರ ಅಧ್ಯಕ್ಷರಾಗಿದ್ದರು. ಸದಸ್ಯರಲ್ಲಿ ರಾಂಚಿಯ ಮಾನಸಿಕ ಆಸ್ಪತ್ರೆಯ ಅಧಿಕಾರಿ ಓವೆನ್ ಬರ್ಕ್‌ಲಿ-ಹಿಲ್ ಸಹ ಇದ್ದರು. ಹಿಂದೂಗಳ ಧರ್ಮವನ್ನೂ ಶೀಲವನ್ನೂ ಬಾಲ್ಯದ ವಿಕೃತಿಗಳಿಂದ ವಿವರಿಸುವ ಲೇಖನವನ್ನು ಇವರು 1921ರಲ್ಲಿ ಪ್ರಕಟಿಸಿದ್ದರು. ಆಳುವವರ ಕೈಯಲ್ಲಿ ಈ ಶಾಸ್ತ್ರವು ಆಳಿಸಿಕೊಳ್ಳುವವರ ನ್ಯೂನತೆಯನ್ನು ಸಾಧಿಸುವ ಸಾಧನವಾಗಬಲ್ಲದಾಗಿತ್ತು. ಬೋಸರ ಸ್ವಂತ ಸಿದ್ಧಾಂತದ ಮಹತ್ತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ.

ಅದು 'ವಿರುದ್ಧ ಇಚ್ಛೆ'ಗಳ ಸಿದ್ಧಾಂತ. ಪ್ರತಿಯೊಂದು ಇಚ್ಛೆಯೊಡನೆ ಅದಕ್ಕೆ ಎದುರಾದ ಇಚ್ಛೆಯೂ ಹುಟ್ಟುತ್ತದೆ. ಹೊಡೆಯಬೇಕೆನ್ನುವವನ ಅಂತರಾಳದಲ್ಲಿ ಹೊಡೆಸಿಕೊಳ್ಳುವ ಇಚ್ಛೆಯೂ ಅಡಗಿರುತ್ತದೆ. ಒಂದು ಪ್ರಕಟವಾದಾಗ ಮತ್ತೊಂದು ದಮನಗೊಳ್ಳುತ್ತದೆ. ರೋಗಿಯು ಎರಡೂ ಸ್ಥಾನಗಳಲ್ಲಿ ತನ್ನನ್ನು ಒಂದಾದ ಮೇಲೊಂದರಂತೆ ಕಲ್ಪಿಸಿಕೊಳ್ಳುತ್ತ ಬಂದರೆ, ತಕ್ಕಡಿಯ ತಟ್ಟೆಗಳು ಏರಿಳಿದು ಸಮವಾಗುವಂತೆ, ಇಚ್ಛೆಗಳ ಘರ್ಷಣೆ ಶಮನವಾಗುತ್ತದೆಂದು ಬೋಸರು ನಂಬಿದ್ದರು.

ಈ ಆಧಾರದ ಮೇಲೆಯೇ ಅವರು 1929ರಲ್ಲಿ ಫ್ರಾಯ್ಡರೊಡನೆ ಭಿನ್ನಾಭಿಪ್ರಾಯವನ್ನು ವ್ಯಕ್ತಪಡಿಸಿದರು. ಪುಂಸ್ತ್ವಹರಣದ ಭೀತಿಯು ಐರೋಪ್ಯ ರೋಗಿಗಳಲ್ಲಿರುವಷ್ಟು ಸ್ಫುಟವಾಗಿ ಭಾರತೀಯರಲ್ಲಿ ಕಾಣುವುದಿಲ್ಲ, ಸ್ತ್ರೀಯಾಗಬೇಕೆಂಬ ಇಚ್ಛೆಯಾದರೋ ಭಾರತೀಯ ಪುರುಷರಲ್ಲಿ ಹೆಚ್ಚು ಸುಲಭವಾಗಿ ಹೊರಬೀಳುತ್ತದೆ ಎಂಬುದು ಅವರ ಅನುಭವ. ಬರ್ಕ್‌ಲಿ-ಹಿಲ್ಲರಿಗೆ ಭಾರತೀಯ ಮನಸ್ಸಿನ ಭೇದವು ದೋಷವಾಗಿದ್ದರೆ, ಬೋಸರಿಗೆ ಅದು ಶಾಸ್ತ್ರವನ್ನೇ ಪರೀಕ್ಷಿಸುವ ಪ್ರಮಾಣವಾಯಿತು. ಈ ವ್ಯತ್ಯಾಸ ತಮ್ಮ ಮನಸ್ಸನ್ನು ಸೆಳೆದಿದೆಯೆಂದು ಫ್ರಾಯ್ಡರು ಸೌಜನ್ಯದಿಂದ ಒಪ್ಪಿಕೊಂಡರು. ಆದರೆ ತಮ್ಮ ಸಿದ್ಧಾಂತವನ್ನು ಅದಕ್ಕಾಗಿ ತಿದ್ದಲಿಲ್ಲ. ಅವರ 75ನೆಯ ಹುಟ್ಟುಹಬ್ಬದ ನಿಮಿತ್ತ ಸಂಘವು ಕಳುಹಿಸಿದ ದಂತದ ವಿಷ್ಣುವಿಗೆ ಫ್ರಾಯ್ಡರ ಮೇಜಿನ ಮೇಲೆ ಸ್ಥಾನ ದೊರೆಯಿತು. ಬೋಸರ ವಾದಕ್ಕೆ ಅವರ ಗ್ರಂಥಗಳಲ್ಲಿ ಸ್ಥಾನ ದೊರೆಯಲಿಲ್ಲ.

ಬೋಸರ ಕಾರ್ಯ ಪತ್ರಗಳಿಗಷ್ಟೇ ಸೀಮಿತವಾಗಿರಲಿಲ್ಲ. 1933ರಲ್ಲಿ ಕಲ್ಕತ್ತೆಯ ಕಾರ್ಮೈಕೆಲ್ ವೈದ್ಯಕೀಯ ಕಾಲೇಜಿನಲ್ಲಿ ಮನೋರೋಗಿಗಳ ಹೊರರೋಗಿ ಚಿಕಿತ್ಸಾಲಯವೂ, 1940ರಲ್ಲಿ ರಾಜಶೇಖರರು ಕೊಟ್ಟ ಮನೆಯಲ್ಲಿ ಲುಂಬಿನಿ ಪಾರ್ಕ್ ಆಸ್ಪತ್ರೆಯೂ, 1947ರಲ್ಲಿ 'ಸಮೀಕ್ಷಾ' ಪತ್ರಿಕೆಯೂ ಅವರಿಂದ ಆರಂಭವಾದವು. ಕನಸುಗಳನ್ನೂ ಪುರಾಣಗಳನ್ನೂ ಕುರಿತು ಅವರು ಬಂಗಾಳಿಯಲ್ಲಿ ಗ್ರಂಥಗಳನ್ನು ರಚಿಸಿದರು. 1953ರಲ್ಲಿ ನಿಧನರಾದರು.

ಬೋಸರ ಸಿದ್ಧಾಂತ ಸಂಪೂರ್ಣವಾಗಿ ಸರಿಯೇ ಎಂಬುದನ್ನು ಮನಶ್ಶಾಸ್ತ್ರಜ್ಞರು ನಿರ್ಣಯಿಸಬೇಕು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಹೇಳಬಹುದಾದುದು ಇಷ್ಟು: ಪರಾಧೀನ ದೇಶದ ವೈದ್ಯರೊಬ್ಬರು ತಮ್ಮ ರೋಗಿಗಳ ಅನುಭವವನ್ನೇ ಪ್ರಮಾಣವಾಗಿಟ್ಟುಕೊಂಡು ಶಾಸ್ತ್ರದ ಸ್ಥಾಪಕರೊಡನೆ ಸಮಾನರಾಗಿ ವಾದಿಸಿದರು. ಅವರನ್ನು ಶಿಷ್ಯರೆಂದು ಮಾತ್ರ ಕರೆದರೆ ಆ ವಾದವೇ ನಮ್ಮ ದೃಷ್ಟಿಯಿಂದ ಮರೆಯಾಗುತ್ತದೆ.